ನೀಲಿ ಪಟ್ಟಿ

ನಮ್ಮ ಬಿಸ್ಕತ್ತು ಕಾರ್ಖಾನೆಯಲ್ಲಿ ನನಗೆ ಜರಡಿಯಕ್ಕ ಎಂದು ಹೆಸರು. ಪ್ಯಾಕಿಂಗ್ ಹಾಲಿನ ಬಾಗಿಲಲ್ಲಿ ನಿಂತು, ಒಳಗೆ ಹೋಗುವವರ ಬಳೆ, ಓಲೆ, ಉಂಗುರ, ಪಿನ್ನು ಎಲ್ಲ ಬಿಚ್ಚಿಸುವುದು ನನ್ನ ಕೆಲಸ. ತಿನ್ನುವ ಪದಾರ್ಥದಲ್ಲಿ ತಿನ್ನಬಾರದ್ದು ಬೀಳಬಾರದು, ಅಷ್ಟೇ. ಒಲ್ಲೆ ಎಂದವರು ನನ್ನ ಬಾಯಿಗೆ ಬಿದ್ದರೆ ಬಿಸ್ಕತ್ತಿಗಿಂತ ಮೊದಲು ಅವರೇ ಪುಡಿಯಾಗುತ್ತಾರೆ. ಒಳಗಿನವರದೆಲ್ಲ ಬಿಳಿ ಕೋಟು. ದೂರದಿಂದಲೇ ಗುರುತು ಸಿಗಲಿ ಎಂದು ನನಗೊಬ್ಬಳಿಗೆ ನೀಲಿ.

ನನ್ನ ಸೊಸೆಯೂ ಅಲ್ಲೇ ಕೆಲಸಕ್ಕೆ ಸೇರಿದ್ದಳು. ಕಾಯಂ ಆಗಿರಲಿಲ್ಲ. ಇಟ್ಟುಕೊಳ್ಳುವುದೋ ಬಿಡುವುದೋ ಎಂದು ಮ್ಯಾನೇಜರು ಅಂದು ಸಂಜೆ ಹೇಳುವವರಿದ್ದರು. ಮದುವೆಯಾಗಿ ಬಂದಾಗಿನಿಂದ ಅವಳ ಬಾಯಲ್ಲಿ ನಾನು ಕೇಳಿದ್ದು ಎರಡೇ ಮಾತು: ‘ಹೂಂ ಅತ್ತೆ’, ‘ಸರಿ ಅತ್ತೆ’. ಗಂಡನ ಜೊತೆ ಅಡುಗೆಮನೆಯಲ್ಲಿ ಕಿಲಕಿಲ ನಗುತ್ತಿರುತ್ತಾಳೆ, ನಾನು ಹೊಸ್ತಿಲಿಗೆ ಬಂದರೆ ಬಾಯಿಗೆ ಬೀಗ. ಮಗನನ್ನು ಕೇಳಿದರೆ, “ಅಮ್ಮ, ನೀನು ಮನೇಲೂ ಗೇಟಲ್ಲಿ ನಿಂತ ಹಾಗೇ ನಿಂತಿರ್ತೀಯ” ಎನ್ನುತ್ತಾನೆ. ಹೊಟ್ಟೆಯಲ್ಲಿ ಹುಟ್ಟಿದವನ ಮಾತು, ನುಂಗಿಕೊಂಡೆ. ಆದರೆ ನೋವಾಯಿತು.

ಅಂದು ಬೆಳಗ್ಗೆ ತರಕಾರಿ ಹೆಚ್ಚುವಾಗ ಅವಳ ಹೆಬ್ಬೆರಳು ಕೊಯ್ದಿತ್ತು. ಸುತ್ತಿಕೊಂಡಿದ್ದ ಬಟ್ಟೆಯನ್ನು ಬಾಗಿಲಲ್ಲೇ ಬಿಚ್ಚಿಸಿ ಕಾರ್ಖಾನೆಯ ನೀಲಿ ಪಟ್ಟಿ ಅಂಟಿಸಿದೆ. ನೀಲಿ ಬಿಸ್ಕತ್ತು ಎಲ್ಲಿಯೂ ಇಲ್ಲವಲ್ಲ, ಆ ಪಟ್ಟಿ ಬಿದ್ದರೆ ಕಣ್ಣಿಗೆ ಹೊಡೆಯುತ್ತದೆ. ಕಣ್ಣು ತಪ್ಪಿಸಿದರೂ ಅದರೊಳಗೆ ಲೋಹದ ಎಳೆ ಇದೆ. ಪೊಟ್ಟಣಗಳು ಕೊನೆಗೆ ಹಾದುಹೋಗುವ ಲೋಹ ಹಿಡಿಯುವ ಯಂತ್ರ ಕೂಗಿಕೊಳ್ಳುತ್ತದೆ.

ಮಧ್ಯಾಹ್ನದ ಹೊತ್ತಿಗೆ ಗ್ಲೌಸು ಹರಿದುಕೊಂಡು ನನ್ನ ಬಳಿ ಬಂದಳು.

“ಉಗುರು ಕತ್ತರಿಸ್ಕೋ ಅಂದಿದ್ದು ಕಿವಿಗೆ ಬೀಳ್ಲಿಲ್ವಾ?” ಎಂದು ಗದರುತ್ತಲೇ ಅದನ್ನು ಎಳೆದು ಬಿಚ್ಚಿ, ಹೊಸದು ತೊಡಿಸಿ ಓಡಿಸಿದೆ.

“ಹೂಂ ಅತ್ತೆ” ಎಂದು ಹೋದಳು.

ಸ್ವಲ್ಪ ಹೊತ್ತಿಗೆ ಬಿಸ್ಕತ್ತು ಸಾಗಿಸುವ ಬೆಲ್ಟು ನಿಂತಿತು. ಒಳಗೆ ಓಡಿದೆ. ನಿಲ್ಲಿಸುವ ಕೆಂಪು ಗುಂಡಿಯ ಮೇಲಿಂದ ಸೊಸೆ ಇನ್ನೂ ಕೈ ತೆಗೆದಿರಲಿಲ್ಲ.

“ಪಟ್ಟಿ ಇಲ್ಲ ಅತ್ತೆ. ಗಾಯ ಚುರುಗುಟ್ತು, ಗ್ಲೌಸ್ ಬಿಚ್ಚಿ ನೋಡ್ತೀನಿ, ಬೆರಳು ಖಾಲಿ.”

ಮ್ಯಾನೇಜರು ದಡದಡ ಬಂದರು. “ಲಾರಿ ಹೊರಗೆ ಕಾಯ್ತಾ ಇದೆ. ಅದು ಸಿಗ್ಲಿಲ್ಲ ಅಂದ್ರೆ ಇವತ್ತಿನ ಮಾಲೆಲ್ಲಾ ಎಸೀಬೇಕು. ಹೊಸಬರನ್ನ ಸೇರಿಸ್ಕೊಂಡ್ರೆ ಇದೇ ಗೋಳು!”

ಸೊಸೆಯ ಮುಖ ಬಿಳಿಚಿತು. ಯಂತ್ರವೂ ಕೂಗಿರಲಿಲ್ಲ, ಸುಮ್ಮನಿದ್ದಿದ್ದರೆ ಒಂದು ನರಪಿಳ್ಳೆಗೂ ಗೊತ್ತಾಗುತ್ತಿರಲಿಲ್ಲ. ಸಂಜೆ ಕೆಲಸ ಕಾಯಂ ಆಗುತ್ತಿತ್ತು. ಅಂಥ ದಿನವೇ ಗುಂಡಿ ಒತ್ತಿದ್ದಾಳೆ. ನನಗೆ ಹೆಮ್ಮೆಯಾಯಿತು.

ಹುಡುಕಿದೆವು. ಕಸದ ಡಬ್ಬಿಯಲ್ಲಿದ್ದ ಹರಿದ ಗ್ಲೌಸನ್ನು ಒಳಹೊರಗು ಮಾಡಿ ನೋಡಿದ್ದಾಯಿತು. ಟ್ರೇ ಎತ್ತಿದೆವು, ಬೆಲ್ಟಿನ ಅಡಿ ತೂರಿದೆವು, ಒಬ್ಬರ ಬೂಟಿನ ತಳ ಇನ್ನೊಬ್ಬರು ಕೆರೆದೆವು. “ಕಣ್ಣು ಬಿಟ್ಟು ಹುಡುಕ್ರೇ!” ಎಂದು ಎಲ್ಲರಿಗಿಂತ ಜೋರಾಗಿ ಕೂಗಿದವಳು ನಾನು. ಏನೂ ಸಿಗಲಿಲ್ಲ.

ಉಳಿದದ್ದು ಯಂತ್ರ. ಕಟ್ಟಿದ್ದ ಪೊಟ್ಟಣಗಳನ್ನೆಲ್ಲ ಮತ್ತೆ ಅದರೊಳಗೆ ಕಳಿಸಿದೆವು. ಅದು ತುಟಿಪಿಟಿಕ್ಕೆನ್ನಲಿಲ್ಲ. ನಡುವೆ ಒಂದು ಪೊಟ್ಟಣ ಅಡ್ಡಲಾಗಿ ಸಿಕ್ಕಿಕೊಂಡಿತು. ಸರಿಮಾಡಲು ತೋಳುದ್ದ ಕೈ ಒಳಗೆ ಹಾಕಿದೆ. ಯಂತ್ರ ಕಿಟಾರನೆ ಕೂಗಿತು.

“ಸಿಕ್ತು!” ಎಂದು ಎಲ್ಲರೂ ಮುಗಿಬಿದ್ದರು. ಆ ಪೊಟ್ಟಣ ಒಡೆದರೆ ಬರೀ ಬಿಸ್ಕತ್ತು. ಪಕ್ಕದ ಪೊಟ್ಟಣಗಳಲ್ಲೂ ಅದೇ. ಮತ್ತೆ ಕೈ ಹಾಕಿದೆ, ಮತ್ತೆ ಕೂಗಿತು. ಕೈ ತೆಗೆದೆ, ತೆಪ್ಪಗಾಯಿತು.

ಮ್ಯಾನೇಜರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಅಮ್ಮಾ, ಬಳೆ ಏನಾದ್ರೂ ಹಾಕಿದೀರಾ?” ಎಂದರು.

ನನಗೆ! ಊರಿನ ಬಳೆಯನ್ನೆಲ್ಲ ಬಿಚ್ಚಿಸುವವಳಿಗೆ! ಬಾಯಿ ತೆರೆಯುವಷ್ಟರಲ್ಲಿ ಸೊಸೆ ನನ್ನ ತೋಳು ಹಿಡಿದು ತಿರುಗಿಸಿದಳು. ಮೊಣಕೈಯ ಹಿಂದೆ, ನೀಲಿ ಕೋಟಿನ ಮೇಲೆ, ನೀಲಿ ಪಟ್ಟಿ. ಗದರುವ ಭರದಲ್ಲಿ ಗ್ಲೌಸು ಎಳೆದಾಗ ಅಂಟಿಕೊಂಡದ್ದು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು.

ಸೊಸೆ ಅದನ್ನು ಅಂಗೈಯಲ್ಲಿ ಮುಚ್ಚಿಕೊಂಡಳು. ನನ್ನ ಮಾನ ಉಳಿಸಲು ‘ನೆಲದ ಮೇಲೆ ಸಿಕ್ತು’ ಎನ್ನುವವಳಿದ್ದಳೋ ಏನೋ. ನಾನು ಬಿಡಲಿಲ್ಲ.

“ಇದು ನನ್ನ ತೋಳಲ್ಲಿತ್ತು ಸಾರ್. ತಪ್ಪು ನಂದು. ಬೆಲ್ಟ್ ನಿಲ್ಲಿಸಿದ್ದು ಅವಳು. ಈಗ ಹೇಳಿ, ಯಾರನ್ನ ಇಟ್ಕೋತೀರಾ, ಯಾರನ್ನ ಬಿಡ್ತೀರಾ?”

ಮ್ಯಾನೇಜರು ನಗು ತಡೆಯಲು ಮೀಸೆ ಸವರಿಕೊಂಡರು. “ಇಬ್ಬರನ್ನೂ ಇಟ್ಕೋತೀನಮ್ಮಾ. ಅವಳದು ಕಾಯಂ. ನಿಮಗೆ ನಾಳೆಯಿಂದ ಬಿಳಿ ಕೋಟು.”

ಲಾರಿ ಹೊರಟಿತು. ಮನೆಗೆ ಹೋಗುವ ದಾರಿಯುದ್ದಕ್ಕೂ ಅವಳು ನನ್ನಿಂದ ಒಂದು ಹೆಜ್ಜೆ ಹಿಂದೆಯೇ ನಡೆದಳು. ಎಲ್ಲರೆದುರು ಸಣ್ಣವಳಾದೆನೆಂದು ಮನಸ್ಸು ಮುದುಡಿತ್ತು.

ಮರುದಿನ ಬೆಳಗ್ಗೆ ಹೊಸ ಬಿಳಿ ಕೋಟು ತೊಟ್ಟು ಬಾಗಿಲಲ್ಲಿ ನಿಂತೆ. ಸಾಲಿನಲ್ಲಿ ಮೊದಲಿದ್ದವಳು ಸೊಸೆ. ಕೈ ಚಾಚಲಿಲ್ಲ, ಓಲೆ ಬಿಚ್ಚಲಿಲ್ಲ, ಸೊಂಟದ ಮೇಲೆ ಕೈ ಇಟ್ಟು ನಿಂತಳು.

“ಏನೇ, ಓಲೆ ಬಿಚ್ಚು ಅಂದಿದ್ದು ಕಿವಿಗೆ ಬೀಳ್ಲಿಲ್ವಾ?” ಎಂದೆ.

“ನಿಮಗೆ ಬೀಳ್ಲಿಲ್ವಾ ಅತ್ತೆ? ಮೊದ್ಲು ನಿಮ್ಮ ತೋಳು ತೋರ್ಸಿ. ಎರಡೂ. ಹಾಂ, ಹಿಂದ್ಗಡೇನೂ.”

ಸಾಲಿನ ತುದಿಯಿಂದ ಯಾರೋ, “ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ!” ಎಂದರು. ಎಲ್ಲರೂ ಗೊಳ್ಳೆಂದು ನಕ್ಕರು. ಎಲ್ಲರಿಗಿಂತ ಜೋರು ಅವಳದೇ ನಗು. ಅಡುಗೆಮನೆಯಲ್ಲಿ ನಾನು ಬಂದಾಗಲೆಲ್ಲ ನಿಲ್ಲುತ್ತಿದ್ದ ಅದೇ ನಗು. ಈ ಸಲ ನಿಲ್ಲಲಿಲ್ಲ.

“ಸರಿ ಸೊಸೆ” ಎಂದು ಎರಡೂ ತೋಳು ಚಾಚಿದೆ.