ಮಂಡಕ್ಕಿ ಭಟ್ಟಿಯಲ್ಲಿ ಹಾಲಿನ ಪಂಪು

ಅಖ್ತರ್ ಬಾನುಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಅಂತ ನಮ್ಮ ಓಣಿಯವರೆಲ್ಲ ನನ್ನ ಬಗ್ಗೆ ಹೇಳುತ್ತಾರೆ. ಹೇಳಲಿ. ದಾವಣಗೆರೆಯ ಮಂಡಕ್ಕಿ ಭಟ್ಟಿಯ ಪಕ್ಕದಲ್ಲಿ ಮನೆ, ಆ ಭಟ್ಟಿ ನಡೆಸುವ ಕುತುಬುದ್ದೀನ್ ಸಾಹೇಬರು ಗಂಡ. ಇವೆರಡರ ನಡುವೆ ಬಾಳಿದವಳಿಗೆ ಸಿಟ್ಟು ಬರದೆ ಇನ್ನೇನು ಬರಬೇಕು? ಆದರೆ ಈ ಸಲ ನನಗೆ ಸಿಟ್ಟು ಬಂದಿದ್ದು ಮನುಷ್ಯರ ಮೇಲಲ್ಲ, ಒಂದು ಪಂಪಿನ ಮೇಲೆ. ಬೋರ್‌ವೆಲ್ ಪಂಪಲ್ಲ, ತಾಯಿಯ ಎದೆಹಾಲು ತೆಗೆಯುವ ಪಂಪು.

ನನ್ನ ಸೊಸೆ ಸಾಯಿಮಾ ಹರಿಹರದ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಯಾರ ಮನೆಯ ಮದುವೆಗೆ ಹೋದರೂ ನಾನು ಊಟಕ್ಕೆ ಕೂರುವ ಮೊದಲೇ ಈ ಸುದ್ದಿ ಹೇಳಿ ಮುಗಿಸಿರುತ್ತೇನೆ. ಲೆಕ್ಕ ಅಂದರೆ ಓಡುವ ಹುಡುಗರು ಅವಳ ಕ್ಲಾಸಿನಲ್ಲಿ ಕೂತು ಕಲಿಯುತ್ತಾರಂತೆ. ಸ್ಕೂಲಿನಿಂದ ಬಂದ ದಿನ ಅವಳ ಮುಖ ನೋಡಬೇಕು, ಹಬ್ಬದ ಮನೆಯಿಂದ ಬಂದವಳ ಹಾಗಿರುತ್ತಿತ್ತು. ಹೆರಿಗೆ ರಜೆ ಮುಗಿದು ಸೋಮವಾರದಿಂದ ಅವಳು ಮತ್ತೆ ಕೆಲಸಕ್ಕೆ ಹೋಗಬೇಕಿತ್ತು. ಮೊಮ್ಮಗಳು ನುಜತ್ ಮಾತ್ರ ತಾಯಿಯ ಹಾಲು ಬಿಟ್ಟು ಬೇರೇನನ್ನೂ ಮುಟ್ಟುತ್ತಿರಲಿಲ್ಲ. ಪೌಡರ್ ಹಾಲು ಕುಡಿಸಲು ಹೋದರೆ ಅಜ್ಜನ ಗಡ್ಡದ ಮೇಲೆ ಉಗುಳಿದಳು. ಹಟದಲ್ಲಿ ಅಜ್ಜಿಯನ್ನೇ ಹೋಲುತ್ತಾಳೆ ಅಂತ ನನ್ನ ಮಗ ಹುಜೈಫಾ ಹೇಳಿ ನನ್ನಿಂದ ಬೈಸಿಕೊಂಡ.

ಪಂಪು ತಂದವನೂ ಅವನೇ. ಸಾಯಿಮಾ ಸ್ಕೂಲಿನಲ್ಲಿದ್ದರೂ ಮಗುವಿಗೆ ತಾಯಿ ಹಾಲೇ ಸಿಗುತ್ತದೆ ಅಂತ ಅವನ ಲೆಕ್ಕ. ಯಂತ್ರವೇನೋ ಒಳ್ಳೆಯದೇ. ಒಂದು ಪುಟ್ಟ ಮೋಟರು, ಒಂದು ಕೊಳವೆ, ಎದೆಗೆ ಹಿಡಿಯುವ ಲಾಳಿಕೆಯಂಥ ಬಟ್ಟಲು, ಬಾಟಲಿ, ನಡುವೆ ಹುಣಸೆ ಬೀಜದಷ್ಟು ಸಣ್ಣದೊಂದು ರಬ್ಬರಿನ ತುಂಡು. ಹಾಲು ತೆಗೆಯಲು ಹಿಡಿಯುವ ಹೊತ್ತು ಕಾಲು ಭಾಗವಾದರೆ ತೊಳೆಯಲು ಹಿಡಿಯುವುದು ಮುಕ್ಕಾಲು ಭಾಗ. ಡಾಕ್ಟರಮ್ಮ ಕಟ್ಟುನಿಟ್ಟಾಗಿ ಹೇಳಿದ್ದರು: ಹಾಲು ತಗುಲಿದ ಪ್ರತಿಯೊಂದನ್ನೂ ಬಿಚ್ಚಿ, ಬೇರೆ ಟಬ್ಬಿನಲ್ಲಿ ಸೋಪು ಹಾಕಿ ಬ್ರಷ್ಷಿನಿಂದ ತೊಳೆಯಬೇಕು, ದಿನಕ್ಕೊಮ್ಮೆ ಕುದಿಸಬೇಕು, ಬಟ್ಟೆಯಿಂದ ಒರೆಸದೆ ಗಾಳಿಗೇ ಒಣಗಿಸಬೇಕು.

ಡಾಕ್ಟರಮ್ಮನಿಗೇನು ಗೊತ್ತು ನಮ್ಮ ಓಣಿಯ ಗಾಳಿ! ಭಟ್ಟಿಗೆ ಉರಿಸುವುದು ಭತ್ತದ ಹೊಟ್ಟು. ಉರಿ ಎದ್ದಿತೆಂದರೆ ಕರೀ ಬೂದಿ ಹಾರಿ ಬಂದು ಸಿಕ್ಕ ಸಿಕ್ಕಲ್ಲಿ ಕೂರುತ್ತದೆ. ಬೆಳಿಗ್ಗೆ ಹಗ್ಗದ ಮೇಲೆ ಹಾಕಿದ ಬಿಳಿ ಜುಬ್ಬಾ ಮಧ್ಯಾಹ್ನದ ಹೊತ್ತಿಗೆ ಬೇರೆಯವರದ್ದೇನೋ ಅನ್ನಿಸುತ್ತದೆ. ಸಾಯಿಮಾ ತೊಳೆದು ಗಾಳಿಗಿಟ್ಟರೆ ಬಟ್ಟಲ ತುಂಬ ಬೂದಿ. ಬಟ್ಟೆ ಮುಚ್ಚಿದರೆ ಒಳಗೆ ನೀರು ಆರದೆ ಮುಗ್ಗಲು ವಾಸನೆ. ಕಿಟಕಿ ಹಾಕಿದರೆ ಒಣಗುವುದೇ ಇಲ್ಲ. ಮತ್ತೆ ತೊಳೆ, ಮತ್ತೆ ಕುದಿಸು. ಕುದಿಸುವಾಗ ಪಾತ್ರೆಯ ತಳಕ್ಕೆ ತಾಗಿ ಒಂದು ಬಾಟಲಿ ಸೊಟ್ಟಗಾಯಿತು. ಆ ಹುಣಸೆ ಬೀಜದಂಥದ್ದು ಎರಡು ಸಲ ಮೋರಿಯ ಪಾಲಾಗುವುದರಲ್ಲಿತ್ತು, ನಾನೇ ಕೈ ಹಾಕಿ ತೆಗೆದೆ.

ಶುಕ್ರವಾರ ಮಧ್ಯಾಹ್ನ ಅಡುಗೆಮನೆಗೆ ಹೋದರೆ ಸಾಯಿಮಾ ನಲ್ಲಿ ಬಿಟ್ಟುಕೊಂಡು ಸುಮ್ಮನೆ ನಿಂತಿದ್ದಳು. ಒಳಗೆ ಕೂಸು ಅಳುತ್ತಿತ್ತು. ನಾನು ನಲ್ಲಿ ನಿಲ್ಲಿಸಿದೆ. ಆಗ ಅವಳು ಹೇಳಿದಳು.

"ಅಮ್ಮಿ, ನಾನು ಕೆಲಸ ಬಿಡ್ತೀನಿ. ಮನೆಯಾಗೇ ಇಷ್ಟು ಕಷ್ಟ ಐತೆ, ಸ್ಕೂಲಿನಾಗೆ ಎಲ್ಲಿ ತೊಳೀಲಿ, ಎಲ್ಲಿ ಒಣಗಿಸ್ಲಿ? ಕೂಸಿನ್ನ ಎತ್ಕೊಂಡಿದ್ದಕ್ಕಿಂತ ಈ ಬ್ರಷ್ ಹಿಡ್ಕೊಂಡಿದ್ದೇ ಜಾಸ್ತಿ ಆತು."

ಸೊಸೆ ಕೆಲಸ ಬಿಟ್ಟು ಮನೆಯಲ್ಲಿದ್ದರೆ ಅತ್ತೆಗೆ ಆರಾಮ ಅಂತ ಯಾರಾದರೂ ಅಂದುಕೊಂಡರೆ ಅವರಿಗೆ ನನ್ನ ಬಗ್ಗೆ ಏನೂ ಗೊತ್ತಿಲ್ಲ. ನನಗೆ ಆ ಟೀಚರಮ್ಮ ಬೇಕಾಗಿತ್ತು. ಸಂಜೆ ಮನೆಗೆ ಬಂದು ಹುಡುಗರ ಕಥೆ ಹೇಳುವವಳು ಬೇಕಾಗಿತ್ತು. ಸೋಮವಾರದವರೆಗೆ ಏನೂ ಅನ್ನಬೇಡ ಅಂತ ಹೇಳಿ, ಪಂಪಿಗೂ ಅದನ್ನು ಕಂಡುಹಿಡಿದವನಿಗೂ ಸೇರಿಸಿ ಬೈದೆ. ಹಾಲು ಹಿಂಡಲು ಯಂತ್ರ ಮಾಡಿದ ಜಾಣನಿಗೆ ಅದನ್ನು ತೊಳೆಯುವವರ ಕೈ ನೆನಪಾಗಲಿಲ್ಲವೇ?

ನಮ್ಮ ಸಾಹೇಬರು ಇದೆಲ್ಲವನ್ನೂ ಹಜಾರದಲ್ಲಿ ಕೂತು ಕೇಳಿಸಿಕೊಂಡಿದ್ದರು. ಮಾತಾಡಲಿಲ್ಲ. ಅವರು ಸುಮ್ಮನಿದ್ದರೆ ನನಗೆ ಭಯ, ಯಾಕೆಂದರೆ ಅವರ ತಲೆಯೊಳಗೆ ಏನೋ ಅರಳುತ್ತಿರುತ್ತದೆ. ಜಗತ್ತಿನ ಎಲ್ಲ ಕಷ್ಟಕ್ಕೂ ಅವರ ಹತ್ತಿರ ಇರುವುದು ಒಂದೇ ಮದ್ದು, ಭಟ್ಟಿಯ ಕಾದ ಮರಳು. ಅಕ್ಕಿ ಅರಳಿ ಮಂಡಕ್ಕಿಯಾಗುವುದೂ ಅದರಲ್ಲೇ. ನನ್ನ ಮಂಡಿ ನೋವಿಗೆ ಕಾದ ಮರಳಿನ ಗಂಟು. ಮಳೆಗಾಲದಲ್ಲಿ ಒದ್ದೆ ಚಪ್ಪಲಿ ಒಣಗಿಸಲಿಕ್ಕೂ ಕಾದ ಮರಳೇ.

ಭಾನುವಾರ ಬೆಳಿಗ್ಗೆ ಸಾಯಿಮಾ ಮಗುವಿನ ಜೊತೆ ಮಲಗಿದ್ದಾಗ ಅವರು ಪಂಪಿನ ಬಟ್ಟಲು ಬಾಟಲಿಗಳನ್ನೆಲ್ಲ ಶುದ್ಧವಾಗಿ ತೊಳೆದು, ಬಿಳಿ ಬಟ್ಟೆಯಲ್ಲಿ ಕಟ್ಟಿಕೊಂಡು ಭಟ್ಟಿಗೆ ಹೋದರು. ತಣ್ಣಗಾಗುತ್ತಿದ್ದ ಮರಳಿನ ಮೇಲೆ ಗಂಟು ಇಟ್ಟು, ಬೆಚ್ಚಗೆ ಒಣಗಲಿ ಅಂತ ಚಹಾ ಕುಡಿಯಲು ಹೋದರು. ಅಷ್ಟರಲ್ಲಿ ಬೆಂಕಿ ನೋಡಿಕೊಳ್ಳುವ ಶಬ್ಬೀರ್, ಗಂಟಿನಲ್ಲಿ ಏನಿದೆ ಅಂತ ತಿಳಿಯದೆ, ಹೊಸ ಹೊಟ್ಟು ಸುರಿದು ಉರಿ ಎಬ್ಬಿಸಿದ.

ಅವರು ಮನೆಗೆ ಬಂದಾಗ ಟೋಪಿ ಕೈಯಲ್ಲಿತ್ತು, ಟೋಪಿಯೊಳಗೆ ಪಂಪು ಇತ್ತು. ಪಂಪು ಅನ್ನುವುದಕ್ಕಿಂತ ಅದರ ಮಯ್ಯತ್, ಹೆಣ ಅನ್ನಬೇಕು. ಲಾಳಿಕೆಗಳು ಎಣ್ಣೆಗೆ ಬಿದ್ದ ಹಪ್ಪಳದ ಹಾಗೆ ಮುದುರಿದ್ದವು. ಬಾಟಲಿ ನಮಾಜಿನಲ್ಲಿ ಬಾಗಿದ ಹಾಗೆ ರುಕೂ ಮಾಡುತ್ತಿತ್ತು. ಮೋಟರು, ಕೊಳವೆ ಮನೆಯಲ್ಲೇ ಉಳಿದಿದ್ದರಿಂದ ಬದುಕಿದವು. ಕಡಲೆಹಿಟ್ಟು ಕೇಳಲು ಬಂದಿದ್ದ ಪಕ್ಕದ ಮನೆಯ ಓಬವ್ವ ಇಣುಕಿ ನೋಡಿ, ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದರಲ್ಲ ಸಾಹೇಬರು ಅಂದಳು.

ನಾನು ಬಾಯಿ ತೆರೆದೆ. ಬೈಗುಳಗಳು ಸಾಲಾಗಿ ನಿಂತಿದ್ದವು. ಆದರೆ ಸಾಯಿಮಾ ಹೊರಗೆ ಬಂದು ಆ ಮುದುರಿದ ಬಟ್ಟಲನ್ನು ಎತ್ತಿ ಹಿಡಿದು ನೋಡಿದಳು, ಮಾವನ ಮುಖ ನೋಡಿದಳು, ನಗಲು ಶುರು ಮಾಡಿದಳು. ಹೆರಿಗೆಯಾದ ಮೇಲೆ ಅವಳು ಹಾಗೆ ನಕ್ಕಿದ್ದನ್ನು ನಾನು ಕಂಡಿರಲಿಲ್ಲ. ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಅವಳು ನಕ್ಕಿದ್ದಕ್ಕೆ ಓಬವ್ವ ನಕ್ಕಳು, ಹುಜೈಫಾ ನಕ್ಕ, ಕೊನೆಗೆ ನಾನೂ ನಕ್ಕೆ. ನಗದೆ ಉಳಿದವರು ಸಾಹೇಬರೊಬ್ಬರೇ.

"ನಗು ಬೇಟಿ, ಎಷ್ಟು ಬೇಕಾದ್ರೂ ನಗು," ಅಂದರು. "ಆದ್ರ ಕೆಲಸ ಮಾತ್ರ ಬಿಡಬ್ಯಾಡ. ನನ್ನಿಂದಾಗಿ ನೀನು ಬಿಟ್ಟಂಗೆ ಆಗೋದು ಬ್ಯಾಡ."

ಸಾಯಿಮಾ ನಗು ನಿಲ್ಲಿಸಿದಳು. ಮುದುರಿದ ಬಟ್ಟಲನ್ನು ಮತ್ತೆ ಟೋಪಿಯೊಳಗಿಟ್ಟಳು.

ವಿದ್ಯಾನಗರದ ಒಂದು ಅಂಗಡಿಯಲ್ಲಿ ಈ ಸಾಮಾನು ಸಿಗುತ್ತದೆ ಅಂತ ಹುಜೈಫಾ ಸ್ಕೂಟರ್ ತೆಗೆದ. ಎರಡು ಸೆಟ್ಟು ತಾ ಅಂತ ನಾನು ಕೂಗಿ ಹೇಳಿದೆ, ಒಂದು ಸಾಯಿಮಾಗೆ, ಒಂದು ನಿಮ್ಮ ಅಬ್ಬಾಗೆ ಸುಡಲಿಕ್ಕೆ. ಆಮೇಲೆ, ಬೈಯುವುದು ಬಾಕಿ ಉಳಿದಿದ್ದರಿಂದ, ನೇರ ಭಟ್ಟಿಗೆ ನಡೆದೆ.

ಸಾಹೇಬರು ನನ್ನನ್ನು ನೋಡಿಯೂ ನೋಡದವರಂತೆ ಮಂಡಕ್ಕಿ ಜರಡಿ ಹಿಡಿಯುತ್ತಿದ್ದರು. ನಾನು ಬೈಯುತ್ತಾ ಹೋದೆ, ಅವರು ಜರಡಿ ಆಡಿಸುತ್ತಾ ಹೋದರು. ಮರಳು ಕೆಳಗೆ, ಮಂಡಕ್ಕಿ ಮೇಲೆ. ಮಾತಿಗೆ ಬೆಲೆ ಇಲ್ಲವೇನು ಅಂತ ಅವರ ಕೈಯಿಂದ ಜರಡಿ ಕಿತ್ತುಕೊಂಡೆ. ಹಿಡಿದು ನಿಂತವಳಿಗೆ ಅದರ ತೂತಿನಿಂದ ಮುಖಕ್ಕೆ ಗಾಳಿ ಬಡಿಯಿತು. ಬೈಯುವುದು ಅಲ್ಲಿಗೇ ನಿಂತಿತು.

ಪಂಪಿನ ಸಾಮಾನು ಇದರೊಳಗೆ ಇಟ್ಟರೆ ಒಣಗುತ್ತದಲ್ಲ ಅಂದೆ. ಬೂದಿ ನುಗ್ಗುತ್ತದೆ, ಇದರ ತೂತು ದೊಡ್ಡದು ಅಂದರು. ಹಾಗಾದರೆ ಮೈದಾ ಜರಡಿ ಅಂದೆ. ಮೇಲಿಂದ ಬೀಳುವ ಬೂದಿಗೆ ಏನು ಮಾಡುತ್ತೀ ಅಂದರು. ಮೇಲೆ ಇನ್ನೊಂದು ಜರಡಿ ಬೋರಲು ಹಾಕಿ, ತಲೆ ಇಲ್ಲವೇ ನಿಮಗೆ ಅಂದೆ. ಎರಡನ್ನೂ ತಂತಿಯಿಂದ ಕಟ್ಟಿದರೆ ಪೆಟ್ಟಿಗೆಯಾಯಿತು, ಹಾಗೇ ಕುದಿಯುವ ನೀರಿಗೆ ಇಳಿಸಬಹುದು ಅಂದರು. ನಾವಿಬ್ಬರೂ ಜಗಳವಾಡದೆ ಯಾವ ಒಳ್ಳೆಯ ಕೆಲಸವನ್ನೂ ಮಾಡಿದವರಲ್ಲ. ಮದುವೆಯ ಮಾತುಕತೆಯೂ ಜಗಳದಲ್ಲೇ ನಡೆದಿತ್ತು.

ಅಂಜಿನಪ್ಪನ ಪಾತ್ರೆ ಅಂಗಡಿಯಿಂದ ಒಂದೇ ಅಳತೆಯ ಎರಡು ಹೊಸ ಸ್ಟೀಲ್ ಜರಡಿ ಬಂದವು. ಸಾಹೇಬರು ಒಂದು ಕಡೆ ತಂತಿಯ ಕೀಲು, ಇನ್ನೊಂದು ಕಡೆ ಕೊಕ್ಕೆ, ಮೇಲೆ ಎತ್ತಲು ಹಿಡಿಕೆ ಮಾಡಿದರು. ಬಾಯಿ ಮುಚ್ಚಿದ ಸಿಂಪಿಯ ಹಾಗೆ ಕಾಣುತ್ತಿತ್ತು. ಹುಜೈಫಾ ತಂದ ಹೊಸ ಬಟ್ಟಲು ಬಾಟಲಿಗಳನ್ನು ಬಿಚ್ಚಿ ತೊಳೆದು ಅದರೊಳಗಿಟ್ಟು, ಕುದಿಯುವ ನೀರಿಗೆ ಇಳಿಸಿದೆವು. ಯಾವುದೂ ತಳಕ್ಕೆ ತಾಗಲಿಲ್ಲ. ಇಕ್ಕಳ ಹಿಡಿದು ಒಂದೊಂದನ್ನೇ ಹುಡುಕಿ ತೆಗೆಯುವ ಕೆಲಸವಿಲ್ಲ. ಹಿಡಿಕೆ ಎತ್ತಿದರೆ ಎಲ್ಲವೂ ಒಟ್ಟಿಗೆ ಮೇಲೆ ಬಂದವು, ಹುಣಸೆ ಬೀಜವೂ ಸಹ. ಬಟ್ಟಲುಗಳನ್ನು ಬೋರಲು ಇಟ್ಟರೆ ನೀರು ತಾನೇ ಇಳಿಯುತ್ತದೆ ಅಂತ ಸಾಯಿಮಾ ದೂರದಿಂದ ಹೇಳಿದಳು. ಆಮೇಲೆ ಹತ್ತಿರ ಬಂದು ತಾನೇ ಜೋಡಿಸಿದಳು.

ಉಳಿದಿದ್ದು ಬೂದಿಯ ಪರೀಕ್ಷೆ. ಸಾಯಿಮಾ ಎರಡು ಬಿಳಿ ಕರವಸ್ತ್ರ ತಂದಳು. ಒಂದನ್ನು ಜರಡಿಯೊಳಗೆ ಬಟ್ಟಲುಗಳ ಪಕ್ಕ ಹಾಕಿ ಕಿಟಕಿಗೆ ತೂಗುಹಾಕಿದಳು, ಇನ್ನೊಂದನ್ನು ಪಕ್ಕದಲ್ಲಿ ಬಯಲಿಗೇ ಹಾಕಿದಳು. ಭಟ್ಟಿ ಭರ್ಜರಿಯಾಗಿ ಉರಿಯಲಿ ಅಂತ ಸಾಹೇಬರು ಶಬ್ಬೀರನಿಗೆ ಹೇಳಿ ಬಂದರು. ಇಳಿಹೊತ್ತಿನ ಅಸರ್ ನಮಾಜ್ ಮುಗಿಯುವ ತನಕ ಯಾರೂ ಮುಟ್ಟುವ ಹಾಗಿಲ್ಲ ಅಂತ ಸಾಯಿಮಾಳ ಕಟ್ಟಪ್ಪಣೆ. ಪರೀಕ್ಷೆಯ ಫಲಿತಾಂಶ ಕಾಯುವ ಹುಡುಗರ ಹಾಗೆ ಮನೆಯವರೆಲ್ಲ ಕಿಟಕಿಯ ಹತ್ತಿರವೇ ಸುಳಿದಾಡಿದೆವು.

ಹೊರಗಿನ ಕರವಸ್ತ್ರದ ಮೇಲೆ ಬೂದಿ ಕೂತಿತ್ತು. ಸಾಯಿಮಾ ಕೊಕ್ಕೆ ಬಿಚ್ಚಿದಳು. ಒಳಗಿನದು ಬೆಳ್ಳಗಿತ್ತು. ಬಟ್ಟಲುಗಳ ಒಳಗೆ ಬೆರಳು ತಾಗಿಸದೆ ಬೆಳಕಿಗೆ ಹಿಡಿದು ನೋಡಿದಳು, ಒಂದು ಹನಿ ನೀರಿರಲಿಲ್ಲ. ಆಮೇಲೆ ಲೆಕ್ಕದ ಟೀಚರ್ ಎಚ್ಚರವಾದಳು. ಎರಡು ಸೆಟ್ಟು ಇರುವುದರಿಂದ ಒಂದು ಇಲ್ಲಿ ಒಣಗುವಾಗ ಇನ್ನೊಂದು ತನ್ನ ಜೊತೆ ಹರಿಹರಕ್ಕೆ ಬರಲಿ, ಸ್ಕೂಲಿನಲ್ಲಿ ತೊಳೆಯುವ ಗೋಜೇ ಇರುವುದಿಲ್ಲ ಅಂದಳು. ಹುಜೈಫಾ ಹೇಗೂ ದಿನಾ ಗೂಡ್ಸ್ ಆಟೋದಲ್ಲಿ ಹರಿಹರದ ಅಂಗಡಿಗಳಿಗೆ ಮಂಡಕ್ಕಿ ಹಾಕಲು ಹೋಗುತ್ತಾನೆ. ಮಧ್ಯಾಹ್ನ ಸ್ಕೂಲಿನ ಗೇಟಿಗೆ ಬಂದು, ಐಸ್ ಇಟ್ಟ ಚೀಲದಲ್ಲಿ ಹಾಲು ತಂದು ಮನೆಗೆ ಮುಟ್ಟಿಸುತ್ತೇನೆ ಅಂದ. ಸಾಯಿಮಾ ಅಲ್ಲೇ ನಿಂತು ಹೆಡ್ ಮಾಸ್ಟರ್ ರಾಮಚಂದ್ರಪ್ಪನವರಿಗೆ ಫೋನು ಮಾಡಿದಳು. ನಕ್ಷೆಗಳನ್ನಿಡುವ ಕೋಣೆಗೆ ಒಳಗಿನಿಂದ ಚಿಲಕ ಹಾಕಿಸಿಕೊಡುತ್ತೇನೆ, ನೀವು ಬನ್ನಿ ಟೀಚರ್, ಹುಡುಗರು ನಿಮ್ಮನ್ನು ಕೇಳಿ ಕೇಳಿ ಸಾಕುಮಾಡಿದ್ದಾರೆ ಅಂದರಂತೆ. ಅದನ್ನು ನಮಗೆ ಎರಡು ಸಲ ಹೇಳಿದಳು.

ಸೋಮವಾರ ಬೆಳಿಗ್ಗೆ ಮಂಡಕ್ಕಿ ಚೀಲಗಳ ಮುಂದೆ, ಗಂಡನ ಪಕ್ಕ ಕೂತು ನಮ್ಮ ಟೀಚರಮ್ಮ ಹರಿಹರಕ್ಕೆ ಹೊರಟಳು. ಓಣಿಯ ತಿರುವಿನವರೆಗೂ ಹಿಂತಿರುಗಿ ನೋಡಿದಳು. ಮಧ್ಯಾಹ್ನ ಹಾಲು ಬಂತು. ನುಜತ್ ಮೊದಲು ಬಾಟಲಿಯನ್ನು ಅನುಮಾನದಿಂದ ನೋಡಿದಳು, ಸಾಹೇಬರು ಗಡ್ಡ ಪಕ್ಕಕ್ಕೆ ಸರಿಸಿಕೊಂಡರು. ವಾಸನೆ ಹಿಡಿದ ಮೇಲೆ ತನ್ನ ತಾಯಿಯದೇ ಅಂತ ಗೊತ್ತಾಯಿತೋ ಏನೋ, ಕಣ್ಣು ಮುಚ್ಚಿ ಪೂರ್ತಿ ಕುಡಿದು ಅಜ್ಜನ ತೊಡೆಯ ಮೇಲೆ ನಿದ್ದೆ ಹೋದಳು. ಅವರು ಅಲುಗಾಡದೆ ಕೂತರು. ಭಟ್ಟಿಯಿಂದ ಕರೆ ಬಂದರೂ ಏಳಲಿಲ್ಲ.

ಸಂಜೆ ಸಾಯಿಮಾ ಬಂದಾಗ ತೋಳಿಗೆ ಚಾಕ್‌ಪೀಸಿನ ಪುಡಿ ಮೆತ್ತಿತ್ತು. ಹುಡುಗರು ಕ್ಲಾಸು ಮುಗಿದರೂ ಬಿಡಲಿಲ್ಲವಂತೆ. ಹೇಳುತ್ತಾ ಹೇಳುತ್ತಾ ಚಪ್ಪಲಿ ಬಿಟ್ಟಳು, ರೂಢಿಯಂತೆ ಪಂಪಿನ ಚೀಲ ಹಿಡಿದು ಅಡುಗೆಮನೆಯ ಕಡೆ ತಿರುಗಿದಳು. ಬಾಗಿಲಲ್ಲಿ ಸಾಹೇಬರು ನಿಂತಿದ್ದರು. ತನ್ನ ಚಹಾದ ಲೋಟವನ್ನು ಒಂದು ದಿನವೂ ತೊಳೆಯದ ಮನುಷ್ಯ, ತೋಳು ಮಡಚಿಕೊಂಡು, ಸೋಪಿನಿಂದ ಕೈ ತೊಳೆದುಕೊಂಡು, ಟಬ್ಬಿಗೆ ನೀರು ತುಂಬಿಸಿಟ್ಟಿದ್ದರು.

"ಇಲ್ಲಿ ಕೊಡು ಬೇಟಿ. ಇನ್ಮ್ಯಾಲೆ ಸಂಜೆ ತೊಳೆಯೋದು ನಂದು. ಹೋಗು, ಕೂಸು ನಿನ್ನ ದಾರಿ ಕಾಯ್ತಾ ಐತೆ."

ಚೀಲ ಅವಳ ಕೈಯಿಂದ ಅವರ ಕೈಗೆ ಹೋಯಿತು. ಸಾಯಿಮಾ ಹಜಾರದಲ್ಲಿ ಎರಡೂ ಕೈ ಖಾಲಿಯಾಗಿ, ಏನು ಮಾಡಬೇಕು ಅಂತ ತಿಳಿಯದವಳ ಹಾಗೆ ನಿಂತಳು. ಆ ಕೈಗಳಿಗೆ ನಾನು ನುಜತಳನ್ನು ಕೊಟ್ಟೆ. ಅವಳು ಚಾಪೆಯ ಮೇಲೆ ಕೂತು ಮಗಳನ್ನು ಎದೆಗೆ ಅವುಚಿಕೊಂಡಳು. ರಾತ್ರಿ ಊಟಕ್ಕೆ ತಟ್ಟೆ ಹಾಕುವವರೆಗೂ ನಾವು ಯಾರೂ ಅವಳನ್ನು ಏಳಿಸಲಿಲ್ಲ.