ನಲವತ್ತೆರಡು ನಿಮಿಷದ ಬೆಳಕು

ಪರೀಕ್ಷೆಗೆ ಮೊದಲು, ಬಿಸಿಲುಂಡು ದೀಪ ಉರಿಸುವ ತಗಡನ್ನು ಉಪವಾಸ ಕೆಡಹುವುದು ಆ ವರ್ಕ್‌ಶಾಪಿನ ಪದ್ಧತಿ. ಸಂಜೆ ಅದರ ಎರಡು ತುದಿಗೂ ಒಂದು ತಂತಿ ಬಿಗಿದಿಟ್ಟರೆ ಒಳಗಿದ್ದ ಕರೆಂಟೆಲ್ಲ ಬೆಳಗಾಗುವಷ್ಟರಲ್ಲಿ ಬರಿದು. ಆಮೇಲೆ ಬಿಸಿಲಿಗಿಟ್ಟರೆ ಅದು ಸ್ವಂತವಾಗಿ ದುಡಿದದ್ದು ಎಷ್ಟೆಂದು ತಿಳಿಯುತ್ತದೆ.

ಈ ಪದ್ಧತಿ ತಂದವಳು ಲೇಪಕ್ಕ. ಆರು ವರ್ಷದಿಂದ ಕಪ್ಪು ಪುಡಿ ಅರೆದು, ಅಂಟಿನಲ್ಲಿ ಕಲಸಿ, ತಗಡಿನ ಮೇಲೆ ಬ್ಲೇಡಿನಿಂದ ತೆಳ್ಳಗೆ ಎಳೆಯುತ್ತಿದ್ದವಳು ಅವಳೇ ಆದ್ದರಿಂದ ಆ ಹೆಸರು. ಬಿಸಿಲು ಹಿಡಿಯುವುದೂ ಆ ಲೇಪವೇ, ಕೂಡಿಡುವುದೂ ಅದೇ. ಬೇರೆ ಬ್ಯಾಟರಿಯ ರಗಳೆಯಿಲ್ಲ. ಆದರೆ ಅದರ ಹೊಟ್ಟೆ ದೊಡ್ಡದು, ದುಡಿಮೆ ಚಿಕ್ಕದು. ನಾಲ್ಕು ಗಂಟೆ ದೀಪ ಉರಿಸುವಷ್ಟು ಹಿಡಿಸಿದರೂ ಒಂದು ದಿನದ ಬಿಸಿಲಿಗೆ ತುಂಬುವುದು ಮುಕ್ಕಾಲು ಗಂಟೆಗೂ ಸಾಲದು. ವರ್ಕ್‌ಶಾಪು ಅವಳ ಅಣ್ಣನದು. ಅವನ ದುಡಿಮೆಯೆಲ್ಲ ಬಾಯಲ್ಲಿ.

ಅಂದು ಕರೆಂಟಿಲ್ಲದ ಹೆರಿಗೆ ಕೋಣೆಗಳಿಗೆ ದೀಪ ಆಯ್ಕೆ ಮಾಡಲು ದೊಡ್ಡ ನರ್ಸಮ್ಮ ಬರುವವರಿದ್ದರು. ಬೆಳಗ್ಗೆ ಲೇಪಕ್ಕ ಮೀಟರ್ ಹಚ್ಚಿ ನೋಡಿದರೆ ಉಪವಾಸವಿದ್ದ ತಗಡು ಹೊಟ್ಟೆ ಬಿರಿಯೆ ಉಂಡಿದೆ. ತಂತಿ ಬಿಚ್ಚಿ ಬಿದ್ದಿತ್ತು. ಗೋಡೆಯ ಪ್ಲಗ್ಗಿನಲ್ಲಿದ್ದ ಚಾರ್ಜರು ಇನ್ನೂ ಬೆಚ್ಚಗಿತ್ತು.

ಅವಳಿಗೆ ಮೈಯೆಲ್ಲ ಉರಿಯಿತು. ಅಣ್ಣನ ಟೇಬಲ್ಲಿನ ಮುಂದೆ ಹೋಗಿ ನಿಂತಳು.

"ಇದೇನು ಮಾಡಿದ್ದೀಯ?"

"ಇವತ್ತೊಂದು ದಿನ ಸುಮ್ನಿರು ಪುಟ್ಟಿ. ನಾಲ್ಕು ಗಂಟೆ ಉರಿಯುತ್ತೆ ಅಂತ ನರ್ಸಮ್ಮನಿಗೆ ಹೇಳಿಬಿಟ್ಟಿದ್ದೀನಿ. ಮೊದಲು ಒಪ್ಪಿಗೆ ಸಿಗಲಿ, ಆಮೇಲೆ ನೀನು ಸರಿ ಮಾಡು."

"ಆಮೇಲೆ ಅಂದ್ರೆ ಯಾವಾಗ? ಮಗು ಅರ್ಧ ಹೊರಗೆ ಬಂದಾಗ ದೀಪ ಆರುತ್ತಲ್ಲ, ಆಗಲಾ?"

"ಕೆಟ್ಟ ಮಾತಾಡಬೇಡ."

ಕೆಟ್ಟ ಕೆಲಸ ಮಾಡಿದವನಿಗೆ ಕೆಟ್ಟ ಮಾತು ಮಾತ್ರ ಆಗದು! ಸುಳ್ಳು ತನಗೆ ಸಂಬಂಧವಿಲ್ಲದ್ದಾಗಿದ್ದರೆ ಅವಳು ಹಲ್ಲು ಕಚ್ಚಿಕೊಂಡು ಇದ್ದುಬಿಡುತ್ತಿದ್ದಳೋ ಏನೋ. ಆದರೆ ಇವನು ಸುಳ್ಳು ಬಳಿದದ್ದು ಅವಳ ಆರು ವರ್ಷದ ಲೇಪದ ಮೇಲೆ.

ನರ್ಸಮ್ಮ ಬಂದರು. ಅಣ್ಣ ದೀಪ ಹೊತ್ತಿಸಿ, ಸೂರ್ಯ ತನ್ನ ಸೋದರಮಾವನೇ ಎಂಬಂತೆ ಬಿಸಿಲನ್ನು ಹೊಗಳತೊಡಗಿದ. ಲೇಪಕ್ಕ ನಡುವೆ ಬಾಯಿ ಹಾಕಿದಳು.

"ನರ್ಸಮ್ಮ, ಇದು ಬಿಸಿಲಲ್ಲ. ಗೋಡೆಯ ಕರೆಂಟು."

ಅಣ್ಣನ ಮುಖ ಬಿಳಿಚಿಕೊಂಡಿತು. ನರ್ಸಮ್ಮ ಅವನತ್ತ ನೋಡಲೇ ಇಲ್ಲ. "ಬಿಸಿಲಿಂದು ತೋರಿಸು ಮಗಳೇ," ಎಂದರು.

"ಸಂಜೆವರೆಗೂ ಕಾಯಬೇಕಾಗುತ್ತೆ."

"ಹೆರಿಗೆ ಕಾಯೋದೇ ನನ್ನ ಕೆಲಸ."

ಲೇಪಕ್ಕ ಈ ಸಲ ದಪ್ಪ ತಂತಿ ಬಿಗಿದು ತಗಡನ್ನು ಬೇಗ ಬರಿದು ಮಾಡಿ, ಮೀಟರಿನಲ್ಲಿ ಸೊನ್ನೆ ತೋರಿಸಿ ಕಿಟಕಿಯಲ್ಲಿಟ್ಟಳು. ನರ್ಸಮ್ಮ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತರು. ಅಣ್ಣ ನಾಲ್ಕು ಸಲ ಕಾಫಿ ತಂದ. ಅವರು ಕುಡಿದರು, ಜಾಗ ಬಿಟ್ಟು ಏಳಲಿಲ್ಲ.

ಬಿಸಿಲು ಇಳಿದ ಮೇಲೆ ದೀಪ ಹೊತ್ತಿಸಿದರು. ಮೂವರೂ ಅದರ ಸುತ್ತ ಕೂತರು. ಲೇಪಕ್ಕನ ಸಿಟ್ಟಿನ ಅಡಿಯಲ್ಲಿ ಈಗ ಭಯವೂ ಇತ್ತು. ದೀಪ ಮಂಕಾಗಿ ಆರಿದಾಗ ನರ್ಸಮ್ಮ ಗಡಿಯಾರ ನೋಡಿದರು.

"ನಲವತ್ತೆರಡು. ನಲವತ್ತೆರಡು ನಿಮಿಷ ಅಂತ ಗೊತ್ತಿದ್ರೆ ಒಂದಾದ ಮೇಲೊಂದು ಹಚ್ಚೋಕೆ ಕೋಣೆಗೆ ಎರಡು ದೀಪ ಇಡ್ತೀನಿ, ಇಲ್ಲ ಮೂರು."

ಅಣ್ಣನಿಗೆ ಹೋದ ಜೀವ ಬಂತು. "ನಮ್ಮಲ್ಲಿ ಮೊದಲಿಂದಲೂ ಮುಚ್ಚುಮರೆ ಇಲ್ಲ ಮೇಡಂ. ಅದಕ್ಕೇ ತಂಗಿಗೆ ಹೇಳಿದ್ದೆ, ಇದ್ದದ್ದನ್ನ ಇದ್ದ ಹಾಗೇ ತೋರಿಸು ಅಂತ."

ಈಗ ಬಂದ ಸಿಟ್ಟಿನ ಮುಂದೆ ಲೇಪಕ್ಕನಿಗೆ ಬೆಳಗಿನ ಸಿಟ್ಟೇ ವಾಸಿ ಅನಿಸಿತು. ಬಾಯಿ ತೆರೆಯುವಷ್ಟರಲ್ಲಿ ನರ್ಸಮ್ಮ ಅವನ ಕಡೆ ತಿರುಗಿದ್ದರು, ಆ ದಿನದಲ್ಲಿ ಮೊದಲ ಬಾರಿಗೆ.

"ನಾಲ್ಕು ಗಂಟೆ ಅಂತ ನಂಬಿ ನಾನು ಯಾರನ್ನೋ ಹೆರಿಗೆಗೆ ಮಲಗಿಸಿದ್ದಿದ್ರೆ, ನಲವತ್ಮೂರನೇ ನಿಮಿಷಕ್ಕೆ ಆ ಕತ್ತಲಲ್ಲಿ ನಿಮ್ಮನ್ನ ಎಲ್ಲಿ ಹುಡುಕಬೇಕಿತ್ತು?"

ಅಣ್ಣ ತಂಗಿಯ ಮುಖ ನೋಡಿದ. ಅವಳೂ ಉತ್ತರಕ್ಕೆ ಕಾಯುತ್ತಿದ್ದಳು.