ಸ್ವಲ್ಪ ಒಂಥರಾ

ಡೆಸ್ಮಂಡ್ ಪಿಮ್ಲಟ್‌ನಿಗೆ ಹೃದಯಾಘಾತವಾದದ್ದು ಶನಿವಾರ ಬೆಳಿಗ್ಗೆ, ಹಿತ್ತಲಲ್ಲಿ ಈರುಳ್ಳಿ ಜಾತಿಯ ಲೀಕ್ ಸಸಿಗಳ ನಡುವೆ ಮಂಡಿಯೂರಿದ್ದಾಗ. ಬೇರೆ ದೇಶದ ಗಂಡಸರು ಅಂಥ ಹೊತ್ತಿನಲ್ಲಿ ಎದೆ ಹಿಡಿದುಕೊಂಡು ಕೂಗುತ್ತಾರಂತೆ. ಇಂಗ್ಲೆಂಡಿನ ಡಾರ್ಬಿಶೈರ್‌ನವನಾದ ಡೆಸ್ಮಂಡ್ ಕೈಯ ಮಣ್ಣು ಕೊಡವಿ, ಬಾಗಿಲ ಹತ್ತಿರ ಬೂಟು ಕಳಚಿ ಜೋಡಿಸಿಟ್ಟು, ಅಡುಗೆಮನೆಗೆ ಬಂದು ಕುರ್ಚಿಯಲ್ಲಿ ಕೂತ.

"ಸ್ವಲ್ಪ ಒಂಥರಾ ಆಗ್ತಿದೆ, ಬಾತುಮರಿ," ಎಂದ. ಆ ಕಡೆ ಹೆಂಡತಿಯನ್ನೂ ಬಸ್ ಡ್ರೈವರನ್ನೂ ಬಾತುಮರಿ ಎಂದೇ ಕರೆಯುವುದು.

ಅವನ ಹೆಂಡತಿ ಹೆಸ್ಟರ್, ಟೀ ಜೊತೆ ತಿನ್ನುವ ಸ್ಕೋನ್ ಬನ್ನಿಗೆ ಹಿಟ್ಟು ಕಲಸುತ್ತಿದ್ದವಳು, ಹಾಗೇ ನಿಂತಳು. ಮಕ್ಕಳಿಗೆ ಅಂಗಿ ಹೊಲಿಸುವಾಗ ಎಲ್ಲರೂ ಒಂದು ಅಳತೆ ದೊಡ್ಡದೇ ಹೊಲಿಸುತ್ತಾರೆ. ಅವರ ಊರಿನವರು ಮಾತನ್ನು ಮಾತ್ರ ಎರಡು ಅಳತೆ ಚಿಕ್ಕದಾಗಿ ಹೊಲಿಸಿಕೊಂಡು, ಉಸಿರು ಬಿಗಿಹಿಡಿದು ತೊಟ್ಟುಕೊಂಡು ತಿರುಗುತ್ತಾರೆ. ಕಲ್ಲುಗಣಿಯಲ್ಲಿ ಬಂಡೆ ಬಿದ್ದು ಡೆಸ್ಮಂಡ್‌ನ ಎರಡು ಕಾಲ್ಬೆರಳು ಹೋದಾಗ, 'ಕಾಲು ಅಷ್ಟೇನೂ ಸರಿಯಿಲ್ಲ' ಎಂದಿದ್ದ. ಹೊಳೆ ಉಕ್ಕಿ ನಡುಮನೆಯ ಸೋಫಾ ತೇಲಿದಾಗ, 'ಕೊಂಚ ತೇವ' ಎಂದಿದ್ದ. ಮದುವೆಯ ದಿನ ಚರ್ಚಿನ ಬಾಗಿಲಲ್ಲಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, 'ಪರವಾಗಿಲ್ಲ' ಎಂದಿದ್ದ. ಹೆಸ್ಟರ್ ಆ ಮಾತನ್ನು ಇಂದಿಗೂ ಎದೆಯೊಳಗೆ ಬೆಚ್ಚಗೆ ಇಟ್ಟುಕೊಂಡಿದ್ದಾಳೆ. 'ತುಂಬಾ' ಎನ್ನುವುದೊಂದು ಪದ ಇದೆಯೆಂದು ಅವರಿಗೆಲ್ಲ ಗೊತ್ತಿತ್ತು. ಅದು ಅಮೆರಿಕದವರಿಗೂ ಕುಡಿದವರಿಗೂ ಮೀಸಲು.

"ಒಂಥರಾ ಅಂದ್ರೆ ಎಲ್ಲಿ?"

"ಇಲ್ಲೇ, ಎದೆ ಹತ್ರ. ಬಿಡು, ನೀನು ಹಿಟ್ಟು ನೋಡ್ಕೋ."

ಅವನ ಮುಖ ಅವಳ ಕೈಲಿದ್ದ ಹಿಟ್ಟಿನ ಬಣ್ಣಕ್ಕೆ ತಿರುಗಿತ್ತು. ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. ಹೆಸ್ಟರ್ ಕೈ ತೊಳೆದು ಫೋನ್ ಎತ್ತಿಕೊಂಡಳು. ನೇರವಾಗಿ ತುರ್ತು ಸಂಖ್ಯೆಗೆ ಮಾಡಿದಳೆಂದು ತಿಳಿಯಬೇಡಿ. ಅದು ನಿಜವಾಗಿ ಕಷ್ಟದಲ್ಲಿರುವವರಿಗೆ. ತಾವು ಅಂಥವರೆಂದು ತಾವೇ ತೀರ್ಮಾನ ಮಾಡಿಕೊಳ್ಳುವುದು ದೊಡ್ಡಸ್ತಿಕೆಯಾಗುತ್ತದೆ. ಅಷ್ಟೇನೂ ಅವಸರವಿಲ್ಲದವರಿಗೆಂದು ಸಲಹೆಯ ಸಂಖ್ಯೆಯೊಂದಿದೆಯಲ್ಲ, ಅದಕ್ಕೆ ಮಾಡಿದಳು.

"ಕ್ಷಮಿಸಿ, ತೊಂದರೆ ಕೊಡ್ತಿದ್ದೀನಿ," ಎಂದು ಶುರು ಮಾಡಿದಳು. "ನಮ್ಮವರಿಗೆ ಸ್ವಲ್ಪ ಹುಷಾರಿಲ್ಲ. ಅಂಥದ್ದೇನಿಲ್ಲ."

"ಎದೆನೋವಿದೆಯಾ ಮೇಡಂ?" ಎಂದು ಆ ಕಡೆಯ ಹುಡುಗಿ ಕೇಳಿದಳು.

ಫೋನಿನ ದನಿ ಅಡುಗೆಮನೆಗೆಲ್ಲ ಕೇಳುತ್ತಿತ್ತು. ಡೆಸ್ಮಂಡ್ ಅಡ್ಡಡ್ಡ ತಲೆಯಾಡಿಸಿದ. "ನೋವು ಅಂತ ಹೇಳ್ಬೇಡ. ಅಂಗಿ ಬಿಗಿಯಾದ ಹಾಗೆ, ಅಷ್ಟೆ."

"ಅಂಗಿ ಬಿಗಿಯಾದ ಹಾಗಂತೆ," ಎಂದಳು ಹೆಸ್ಟರ್.

"ಒಂದರಿಂದ ಹತ್ತರ ಒಳಗೆ ನೋವು ಎಷ್ಟು ಅಂತ ಹೇಳ್ತಾರೆ?"

ಡೆಸ್ಮಂಡ್ ಪ್ರಾಮಾಣಿಕವಾಗಿ ಯೋಚಿಸಿದ. ಹತ್ತು ಎಂದರೆ ಯುದ್ಧದಲ್ಲಿ ಗುಂಡು ತಿಂದವರದ್ದು. ಒಂಬತ್ತು ಹೆರಿಗೆಗೆ ಹೋಗಬೇಕು. ಎಂಟು, ಏಳನ್ನು ತನಗಿಂತ ಕಷ್ಟದಲ್ಲಿರುವ ಯಾರಿಗಾದರೂ ಬಿಟ್ಟಿರಬೇಕು.

"ಮೂರು," ಎಂದು ಉಸಿರೆಳೆದುಕೊಂಡ. "ಅದೂ ಜಾಸ್ತಿ ಆಯ್ತೇನೋ. ಎರಡೂವರೆ ಅನ್ನು."

ಹುಡುಗಿ ಮರ್ಯಾದಸ್ಥೆ. ನರ್ಸ್ ಒಬ್ಬರು ಆಮೇಲೆ ಫೋನ್ ಮಾಡುತ್ತಾರೆಂದಳು. ಹೆಸ್ಟರ್ ಅವಳಿಗೆ ಮೂರು ಸಲ ಥ್ಯಾಂಕ್ಸ್ ಹೇಳಿದಳು.

ಅಷ್ಟರಲ್ಲಿ ಪಕ್ಕದ ಮನೆಯ ಬೆರಿಲ್ ಕಾಥಾರ್ನ್ ಬಾಗಿಲು ತಟ್ಟಿ ಒಳಗೆ ಬಂದಳು. ಅವಳ ಗಂಡ ತೀರಿಹೋಗಿ ಕೆಲವು ವರ್ಷಗಳಾಗಿದ್ದವು. ಇನ್ನೊಬ್ಬರ ಮನೆಯಲ್ಲಿ ಫೋನ್ ಎತ್ತಿದರೆ ಅವಳ ಕಿವಿಗೆ ಬೀಳುತ್ತಿತ್ತು.

"ಹೇಗಿದ್ದೀಯ ಡೆಸ್ಮಂಡ್?"

"ದೂರೋ ಹಾಗಿಲ್ಲ."

"ಮುಖ ಸ್ವಲ್ಪ ಬೂದಿ ಬೂದಿ ಆಗಿದೆ. ಇರ್ಲಿ, ನಿಂಗೆ ಆ ಬಣ್ಣ ಒಪ್ಪತ್ತೆ." ಬೆರಿಲ್ ತಾನೇ ಕುರ್ಚಿ ಎಳೆದುಕೊಂಡು ಕೂತಳು. "ಹೆಸ್ಟರ್, ಆಂಬುಲೆನ್ಸ್ ಗೀಂಬುಲೆನ್ಸ್ ಅಂತ ಹೊರಟೀಯ ಮತ್ತೆ! ಬೀದಿಯವ್ರೆಲ್ಲ ಪರದೆ ಸರಿಸಿ ನೋಡ್ತಾರೆ. ನಮ್ಮ ಹೊರೇಸ್‌ಗೂ ಹಿಂಗೇ ಆಗಿತ್ತು. ಎದೆ ಸ್ವಲ್ಪ ಭಾರ ಅಂದ."

"ಆಮೇಲೆ?"

"ಆಮೇಲೇನು, ಹೋದ." ಬೆರಿಲ್ ಸ್ಕರ್ಟಿನ ಮಡಿಕೆ ಸರಿಮಾಡಿಕೊಂಡಳು. "ಆದ್ರೆ ಯಾರಿಗೂ ತೊಂದ್ರೆ ಕೊಡ್ಲಿಲ್ಲ, ಪಾಪ."

ಹೆಸ್ಟರ್ ಫೋನಿನ ಕಡೆ ನೋಡಿದಳು. ಆದರೂ ಅವಳು ಆ ಊರಿನಲ್ಲಿ ಹುಟ್ಟಿ ಬೆಳೆದವಳು, ಟೀ ಮಾಡಿದಳು. ಅವನ ದೊಡ್ಡ ಮಗ್ಗಿಗೆ ಎರಡು ಚಮಚ ಸಕ್ಕರೆ ಹಾಕಿ ಕಲಕಿ, ಕೈಗೆ ಕೊಡಲು ಹೋದಳು.

ಡೆಸ್ಮಂಡ್ ಮಗ್ಗನ್ನು ನೋಡಿದ. "ಬೇಡ ಅನ್ಸತ್ತೆ ಕಣೇ. ಸುಮ್ನೆ ಹಿಂಗೇ ಕೂತಿರೋದೇ ವಾಸಿ."

ತನ್ನ ತಾಯಿಯನ್ನು ಮಣ್ಣುಮಾಡಿ ಬಂದ ದಿನ ಅವನು ಟೀ ಕುಡಿದಿದ್ದ. ಕಾಲ್ಬೆರಳು ಹೋದ ದಿನ, ಮೊದಲು ಟೀ ಕುಡಿದು ಆಮೇಲೆ ಆಸ್ಪತ್ರೆಗೆ ಹೊರಟಿದ್ದ. ಟೀಗಿಂತ ಇನ್ನೊಂದು ವಾಸಿ ಎಂದು ಅವನು ಹೇಳಿದ್ದನ್ನು ಹೆಸ್ಟರ್ ಯಾವತ್ತೂ ಕೇಳಿರಲಿಲ್ಲ. ಬೆರಿಲ್ ಕೂಡ ತನ್ನ ಕಪ್ಪನ್ನು ಸದ್ದಿಲ್ಲದೆ ಕೆಳಗಿಟ್ಟಳು.

"ಅಯ್ಯೋ, ಮಾಡು," ಎಂದಳು ಬೆರಿಲ್, ತಗ್ಗಿದ ದನಿಯಲ್ಲಿ. "ಆ ಇನ್ನೊಂದು ನಂಬರಿಗೆ ಮಾಡೇ."

ಹೆಸ್ಟರ್ ಮಾಡಿದಳು. ಅತ್ತ ಗಂಡಸಿನ ದನಿ ಕೇಳಿದ ತಕ್ಷಣ ಬಾಯಿಗೆ ಬಂದದ್ದು 'ಕ್ಷಮಿಸಿ' ಎಂಬ ಮಾತೇ. ಅದನ್ನು ನುಂಗಿದಳು. ಅದರ ಹಿಂದೆ ಸಾಲಾಗಿ ನಿಂತಿದ್ದ ಕೊಂಚ, ತುಸು, ಅಷ್ಟೇನಿಲ್ಲ, ಇವನ್ನೂ ನುಂಗಿದಳು.

"ನನ್ನ ಗಂಡ ಸಾಯ್ತಿದ್ದಾನೆ!" ಎಂದು ಕೂಗಿದಳು. "ಎದೆನೋವು. ತುಂಬಾ! ತುಂಬಾ ಜೋರಾಗಿ! ಈಗಲೇ ಬನ್ನಿ!"

"ಹೆಸ್ಟರ್," ಎಂದು ಡೆಸ್ಮಂಡ್ ನರಳಿದ. "ಕಿಟಕಿ ತೆಗೆದಿದೆ."

"ತೆಗೆದಿರ್ಲಿ!"

"ಫಾದರ್ ಮನೆವರೆಗೂ ಕೇಳ್ಸಿರತ್ತೆ ಕಣೇ."

"ಕೇಳ್ಸಿದ್ರೆ ಒಳ್ಳೇದು, ಪ್ರಾರ್ಥನೆ ಮಾಡ್ಲಿ! ನೀನು ಬಾಯ್ಮುಚ್ಕೊಂಡು ಉಸಿರಾಡು."

ಆಂಬುಲೆನ್ಸ್ ಬಂತು. ಬೀದಿಯ ಪರದೆಗಳೆಲ್ಲ ಸರಿದವು. ಸ್ಟ್ರೆಚರ್ ಮೇಲೆ ಮಲಗಿದ್ದ ಡೆಸ್ಮಂಡ್ ಹೊತ್ತವರಿಗೆ ಕಾಲ್ಚೀಲದ ಮಣ್ಣಿಗಾಗಿ ಕ್ಷಮೆ ಕೇಳಿದ. ಗೇಟಿನ ಬಳಿ ನಿಂತಿದ್ದವರಿಗೆ, ಹವಾ ಚೆನ್ನಾಗಿದೆಯಲ್ಲ ಎಂದ.

ಆಸ್ಪತ್ರೆಯಲ್ಲಿ ಕಟ್ಟಿಕೊಂಡಿದ್ದ ರಕ್ತನಾಳ ಬಿಡಿಸಿ, ಅದರೊಳಗೆ ಸ್ಟೆಂಟ್ ಕೂರಿಸಿದರು. ಹೊರಗೆ ಬಂದ ಡಾಕ್ಟರಮ್ಮನೂ ಅದೇ ನೀರು ಕುಡಿದು ಬೆಳೆದವರು. "ಕರ್ಕೊಂಡು ಬಂದಿದ್ದು ಒಳ್ಳೇದಾಯ್ತು," ಎಂದರು. "ಇನ್ನು ಸ್ವಲ್ಪ ತಡ ಮಾಡಿದ್ರೆ ಕೊಂಚ ಕಷ್ಟ ಆಗ್ತಿತ್ತು." ಹೆಸ್ಟರ್ ಆ ಕೊಂಚವನ್ನು ಮನಸ್ಸಿನಲ್ಲೇ ಅದರ ನಿಜವಾದ ಅಳತೆಗೆ ಬಿಚ್ಚಿ ನೋಡಿದಳು. ಪಕ್ಕದ ಬೆಂಚಿನ ಮೇಲೆ ಕೂತುಬಿಟ್ಟಳು.

ಮರುದಿನ ಮಧ್ಯಾಹ್ನ ಅವನ ಮಂಚದ ಪಕ್ಕ ಕೂತಿದ್ದಾಗ ನರ್ಸ್ ಬಂದಳು.

"ನೋಡೋಕೆ ಬಂದವರ ಟೈಮ್ ಮುಗೀತು, ಬಾತುಮರಿ. ಈಗ ಹೊರಟ್ರೆ ನಿಮಗೇನೂ ಬೇಜಾರಿಲ್ಲ ಅಲ್ವಾ?"

ಆ ದೇಶ ಹುಟ್ಟಿದಂದಿನಿಂದ ಆ ಪ್ರಶ್ನೆಗೆ ಇರುವುದು ಒಂದೇ ಉತ್ತರ, 'ಏನಿಲ್ಲ'. ನರ್ಸ್ ಅದನ್ನು ಕೇಳುವ ಮೊದಲೇ ಆಚೆ ಮಂಚದತ್ತ ತಿರುಗಿಯೂ ಆಗಿತ್ತು.

"ಬೇಜಾರಿದೆ," ಎಂದಳು ಹೆಸ್ಟರ್. "ನಾನು ಇಲ್ಲೇ ಇರ್ಬೇಕು."

ನರ್ಸ್ ತಿರುಗಿ ನೋಡಿದಳು. ಇಂಥದ್ದಕ್ಕೆ ಏನು ಮಾಡಬೇಕೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ. ಕೊನೆಗೆ ಸೀದಾ ಹೋಗಿ, ಕೈಯಿಟ್ಟುಕೊಳ್ಳಲು ಬರುವ ಒಳ್ಳೆಯ ಕುರ್ಚಿಯೊಂದನ್ನು ತಂದು ಬಾಗಿಲ ಬಳಿ ಇಟ್ಟಳು.

ಡೆಸ್ಮಂಡ್ ನಾಚಿಕೆಯಿಂದ ಕಣ್ಣು ಮುಚ್ಚಿಕೊಂಡ. "ವಾರ್ಡಿನವ್ರೆಲ್ಲ ನೋಡ್ತಿದ್ದಾರೆ ಕಣೇ."

"ನೋಡ್ಲಿ. ನೀನು ಹೇಳು. ನಾನು ಹೋಗ್ಲಾ, ಇರ್ಲಾ?"

ನಿನ್ನಿಷ್ಟ ಎನ್ನಲು ಅವನು ಬಾಯಿ ತೆರೆದದ್ದು ಅವಳಿಗೆ ಸ್ಪಷ್ಟವಾಗಿ ಕಂಡಿತು. ತೆರೆದ ಬಾಯಿ ಮುಚ್ಚಿತು. ಕಿವಿ ಎರಡೂ ಕೆಂಪಾದವು.

"ಇರು," ಎಂದ.

ಹೆಸ್ಟರ್ ಎದ್ದು ಹೋಗಿ, ವಾರ್ಡಿನ ಉದ್ದಕ್ಕೂ ಕರಕರ ಸದ್ದು ಮಾಡಿಸುತ್ತ ಆ ಕುರ್ಚಿಯನ್ನು ಎಳೆದುಕೊಂಡು ಬಂದಳು.